ಆರು ಒಲಿಂಪಿಕ್ಸ್ ಆಡಿದ ವಾಟರ್ ಪೋಲೊ ಆಟಗಾರ ರಾಡ್ಮಿಲೊವಿಕ್ ಬಗ್ಗೆ ಗೊತ್ತಿದ್ದವರು ಹೇಳಿ

ತುಂಗಾತೀರ:
ಅಕ್ಕನ ಮಗನಿಗೆ ಮುಂದಿನ ವಾರ ಶಾಲೆಯಲ್ಲಿ ಕ್ರೀಡಾ ಕ್ವಿಜ್ ಇದೆ. ಓದಿಸುವ ಕೆಲಸ ನನ್ನ ತಲೆಗೆ ಬಂತು. ಅವನ ನೋಟ್ಸ್‌ನಲ್ಲಿ ಒಂದು ಸಾಲು: "ದೋಣಿ ಸ್ಪರ್ಧೆಯ ಸ್ಟೀವ್ ರೆಡ್‌ಗ್ರೇವ್ 2000ದಲ್ಲಿ ಐದನೇ ಒಲಿಂಪಿಕ್ ಚಿನ್ನ ಗೆದ್ದು ಹಳೆಯ ಬ್ರಿಟಿಷ್ ದಾಖಲೆ ಮುರಿದ." ಹಳೆಯದು ಯಾರದ್ದೋ ಅಂದೆ. ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹುಡುಕಿದಾಗ ಸಿಕ್ಕಿದ ಹೆಸರು ಪಾಲ್ ರಾಡ್ಮಿಲೊವಿಕ್.

1886ರ ಮಾರ್ಚ್ 5ರಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದವನು. ಅಪ್ಪ ಈಗಿನ ಕ್ರೊಯೇಷಿಯಾದ ಮಕಾರ್ಸ್ಕಾ ಊರಿನವನು. ಅಮ್ಮ ಕಾರ್ಡಿಫ್‌ನಲ್ಲೇ ಹುಟ್ಟಿದ ಐರಿಷ್ ಮೂಲದವಳು. ಹದಿನೈದನೇ ವಯಸ್ಸಿಗೇ ವೇಲ್ಸ್ ಪರ ವಾಟರ್ ಪೋಲೊ ಆಡಿದ. 1908, 1912, 1920ರಲ್ಲಿ ವಾಟರ್ ಪೋಲೊ ಚಿನ್ನ. 1908ರಲ್ಲಿ ಈಜು ರಿಲೇಯಲ್ಲಿ ಇನ್ನೊಂದು. ಒಟ್ಟು ನಾಲ್ಕು. ಆ ದಾಖಲೆ 80 ವರ್ಷ ಹಾಗೇ ಕೂತಿತ್ತು.

ಇದಕ್ಕೆಲ್ಲ ಅವನಿಗೆ ಒಂದು ಕಾಸೂ ಸಿಗಲಿಲ್ಲ. ಅದು ಹವ್ಯಾಸಿಗಳ ಕಾಲ. ಹಾಗಾದರೆ ಇವರೆಲ್ಲ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಮತ್ತೆ ಈ ಆಟದ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ನೀರಿನಲ್ಲಿ ಚೆಂಡು ಎಸೆಯುತ್ತಾರೆ ಅನ್ನುವುದು ಬಿಟ್ಟರೆ.

ಗೋಲಿಸೋಡಾ:
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. 1908ರ ಚಿನ್ನ ಅಂದಿರಲ್ಲ, ಆ ಸಲ ಬ್ರಿಟನ್ ಎಷ್ಟು ಪಂದ್ಯ ಆಡಿತು ನೋಡಿ. ಒಂದೇ ಒಂದು! ಹಂಗೇರಿ ಮತ್ತು ಆಸ್ಟ್ರಿಯಾ ತಂಡಗಳು ಬರಲೇ ಇಲ್ಲ. ಉಳಿದದ್ದು ನಾಲ್ಕು ತಂಡ. ಬೆಲ್ಜಿಯಂನವರು ಪಾಪ ನೆದರ್ಲೆಂಡ್ಸ್, ಸ್ವೀಡನ್ ಇಬ್ಬರನ್ನೂ ಸೋಲಿಸಿ ಸುಸ್ತಾಗಿ ಬಂದರು. ಬ್ರಿಟನ್ ಸೀದಾ ಫೈನಲ್‌ನಲ್ಲಿ ಕೂತಿತ್ತು. 9-2ರಲ್ಲಿ ಗೆದ್ದರು. ಆತಿಥೇಯರು ಬೇರೆ.

ಈಗಿನ ಆಟಗಾರರ ಜೊತೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ? ನಮ್ಮ ಬೀದಿಯಲ್ಲಿ ನಾನೂ ಕೇರಂ ಚಾಂಪಿಯನ್. ಆಡುವವರೇ ಮೂರು ಜನ.

ಅಂಕಿಭಟ್ಟ:
ಗೋಲಿಸೋಡಾ, ಒಂದು ಪಂದ್ಯದ ಮಾತು ನಿಜ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯ. 1912ರ ಸ್ಟಾಕ್‌ಹೋಮ್‌ನಲ್ಲಿ ಮೊದಲ ಪಂದ್ಯವೇ ಬೆಲ್ಜಿಯಂ ಜೊತೆ. ಹೆಚ್ಚುವರಿ ಸಮಯಕ್ಕೆ ಹೋಗಿ 7-5ರಲ್ಲಿ ಬಚಾವಾದರು. ಆಮೇಲೆ ಸ್ವೀಡನ್, ಕೊನೆಗೆ ಆಸ್ಟ್ರಿಯಾ ವಿರುದ್ಧ 8-0. ಅದು ಪುಕ್ಕಟೆ ಚಿನ್ನ ಅಲ್ಲ.

ಮತ್ತೆ 1908ರ ರಿಲೇ ಕಥೆ ಯಾರೂ ಹೇಳಲಿಲ್ಲ. ಅದು 4x200 ಮೀಟರ್. ರಾಡ್ಮಿಲೊವಿಕ್ ಮೊದಲು ತಂಡದಲ್ಲೇ ಇರಲಿಲ್ಲ, ಕಾಯ್ದಿರಿಸಿದ ಆಟಗಾರ. ಒಬ್ಬನಿಗೆ ಹುಷಾರು ತಪ್ಪಿತು, ಇವನನ್ನು ಕರೆದರು. ಆಗ ಈಜುಕೊಳವನ್ನು ಲಂಡನ್ನಿನ ವೈಟ್ ಸಿಟಿ ಸ್ಟೇಡಿಯಂ ಒಳಗೇ, ಓಟದ ಟ್ರ್ಯಾಕಿನ ನಡುವೆ ಕಟ್ಟಿದ್ದರು. ಉದ್ದ 100 ಮೀಟರ್. ಈಗಿನ ಒಲಿಂಪಿಕ್ ಕೊಳದ ಎರಡರಷ್ಟು! ಒಬ್ಬೊಬ್ಬರು ಹೋಗಿ ಬಂದರೆ ಮುಗಿಯಿತು, ತಿರುಗುವುದು ಒಂದೇ ಸಲ.

ಇವನು ಎರಡನೆಯವನಾಗಿ ಈಜಿದ. ಕೊನೆಯವನು ಇಳಿಯುವ ಹೊತ್ತಿಗೆ ಹಂಗೇರಿ ಮುಂದಿತ್ತು. ಹಂಗೇರಿಯ ಕೊನೆಯ ಈಜುಗಾರ ಜೊಲ್ತಾನ್ ಹಾಲ್ಮಯ್, ಅಂದಿನ ಕಾಲದ ದೊಡ್ಡ ಹೆಸರು. ಬ್ರಿಟನ್ನಿಗೆ ಹೆನ್ರಿ ಟೇಲರ್. ಕೊನೆಯ ಭಾಗದಲ್ಲಿ ಹಾಲ್ಮಯ್‌ಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ದಿಕ್ಕು ತಪ್ಪಿ ಗೋಡೆ ಕಡೆ ಹೋದ. ಟೇಲರ್ ದಾಟಿಕೊಂಡು ಹೋದ. ಬ್ರಿಟನ್ 10 ನಿಮಿಷ 55.6 ಸೆಕೆಂಡ್, ಹಂಗೇರಿ 10 ನಿಮಿಷ 59. ಮೂರೂವರೆ ಸೆಕೆಂಡಿನ ಅಂತರ. ಹಾಲ್ಮಯ್ ಸರಿಯಾಗಿ ನೆಟ್ಟಗೆ ಈಜಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ನೀರ್‌ದೋಸೆ:
ಅದೃಷ್ಟ ಮಾರಾಯ್ರೆ, ಅದೃಷ್ಟ. ಆದರೆ ಕರೆದಾಗ ಇಳಿಯುವಷ್ಟು ತಯಾರಿ ಬೇಕಲ್ಲ.

ಒಂದು ಸಂದೇಹ. ಇದು ರಾಡ್ಮಿಲೊವಿಕ್ಕಾ, ರಾಡ್ಮಿಲೊವಿಚ್ಚಾ? ಕ್ರೊಯೇಷಿಯಾ ಕಡೆಯ ಹೆಸರಾದರೆ ಕೊನೆಗೆ "ಚ್" ಬರಬೇಕು. ಅಲ್ಲಿಯ ಫುಟ್‌ಬಾಲ್ ಆಟಗಾರನಿಗೆ ಮೊಡ್ರಿಚ್ ಅನ್ನುವುದಿಲ್ವಾ?

ತುಂಗಾತೀರ:
ಇಂಗ್ಲಿಷಿನಲ್ಲಾದರೆ ಬರೆದು ಕೈ ತೊಳೆದುಕೊಳ್ಳಬಹುದು, ಓದುವವರ ಪಾಡು ಅವರಿಗೆ. ಕನ್ನಡದಲ್ಲಿ ಬರೆಯುವಾಗ ನಾವೇ ನಿರ್ಧರಿಸಬೇಕು. ಅದೇ ಕಷ್ಟ. ನಾನು ಕಣ್ಣಿಗೆ ಕಂಡ ಹಾಗೆ ಬರೆದೆ. ಅವನ ಜೊತೆಗಾರರು "ರಾಡಿ" ಅಂತ ಕರೆಯುತ್ತಿದ್ದರಂತೆ. ಅದನ್ನೇ ಇಟ್ಟುಕೊಳ್ಳೋಣ, ಜಗಳ ಬೇಡ.

ಗೋಲಿಸೋಡಾ:
ಕನ್ನಡದಲ್ಲಿ "ರಾಡಿ" ಅಂದರೆ ಕೆಸರು ನೀರು. ಈಜುಗಾರನಿಗೆ ಒಳ್ಳೇ ಹೆಸರು!

ಹಳೇಟೋಪಿ:
ತಡವಾಗಿ ಬಂದೆ. ನಾನು 80ರ ದಶಕದಲ್ಲಿ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಏಳು ವರ್ಷ ವಾಟರ್ ಪೋಲೊ ಆಡಿದವನು. ದೊಡ್ಡ ಆಟಗಾರ ಏನಲ್ಲ, ಹೆಚ್ಚಿನ ಪಂದ್ಯಗಳಲ್ಲಿ ದಂಡೆಯಲ್ಲೇ ಕೂತಿದ್ದವನು. ಆದರೂ ಆಟ ಹೇಗಿರುತ್ತದೆ ಅಂತ ಹೇಳಬಲ್ಲೆ.

ಟಿವಿಯಲ್ಲಿ ನಿಮಗೆ ಕಾಣುವುದು ತಲೆ ಮತ್ತು ಕೈ. ಆಟ ನಡೆಯುವುದು ಕೆಳಗೆ. ತಳ ಮುಟ್ಟುವ ಹಾಗಿಲ್ಲ, ಗೋಡೆ ಹಿಡಿಯುವ ಹಾಗಿಲ್ಲ. ಎರಡೂ ಕಾಲು ಮೊಸರು ಕಡೆದ ಹಾಗೆ ಸುತ್ತುತ್ತಲೇ ಇರಬೇಕು, ಒಂದು ಆ ಕಡೆ, ಒಂದು ಈ ಕಡೆ. ಹಾಗೆ ಮಾಡುತ್ತಲೇ ಸೊಂಟದವರೆಗೆ ಎದ್ದು ಚೆಂಡು ಎಸೆಯಬೇಕು. ಹಿಂದಿನಿಂದ ಒಬ್ಬ ಬಟ್ಟೆ ಹಿಡಿದು ಎಳೆಯುತ್ತಿರುತ್ತಾನೆ. ನನ್ನ ಮೊದಲ ಪಂದ್ಯದಲ್ಲಿ ಹೊಟ್ಟೆಗೆ ಒಂದು ಮೊಣಕಾಲು ಬಿತ್ತು. ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಬಹುಶಃ ನಮ್ಮ ತಂಡದವನದ್ದೇ.

ರಾಡಿಯ ಕಾಲದ ನಿಯಮ ಇನ್ನೂ ಮಜಾ. ಏಳು ಏಳು ನಿಮಿಷದ ಎರಡು ಭಾಗ ಅಷ್ಟೇ. ಬದಲಿ ಆಟಗಾರ ಇಲ್ಲ. ರೆಫ್ರಿ ಸೀಟಿ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಮಕ್ಕಳು "ಸ್ಟ್ಯಾಚು" ಆಡುತ್ತಾರಲ್ಲ, ಹಾಗೆ. ಚೆಂಡು ಚರ್ಮದ್ದು. ನೀರು ಕುಡಿದು ಕುಡಿದು ಭಾರ ಆಗುತ್ತಿತ್ತು. ಪಂದ್ಯ ಶುರುವಾದಾಗ ಒಂದು ತೂಕ, ಮುಗಿಯುವಾಗ ಇನ್ನೊಂದು. ಮೈಮೇಲೆ ಈಗಿನ ಹಾಗೆ ಚಿಕ್ಕ ಚಡ್ಡಿ ಅಲ್ಲ, ಎದೆ ಮುಚ್ಚುವ ಉಡುಪು. ಒದ್ದೆಯಾದ ಬನಿಯನ್ ಹಾಕಿಕೊಂಡು ಬಾವಿಯಲ್ಲಿ ಈಜಿದವರಿಗೆ ಅದರ ಭಾರ ಗೊತ್ತಿರುತ್ತದೆ.

ಇನ್ನೊಂದು. "ಪೋಲೊ" ಅನ್ನುವ ಪದ ನಮ್ಮ ಉತ್ತರದ ಬೆಟ್ಟಗಳ ಬಾಲ್ಟಿ ಭಾಷೆಯ "ಪುಲು"ವಿನಿಂದ ಬಂದದ್ದು. ಅರ್ಥ ಚೆಂಡು. ಕುದುರೆ ಮೇಲೆ ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ನೀರಿಗೆ ಬಿತ್ತು. 1870ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವಿಲ್ಸನ್ ಇದಕ್ಕೆ ನಿಯಮ ಬರೆದ.

ತುಂಗಾತೀರ:
ಸರ್, ಇದನ್ನೇ ಕಾಯುತ್ತಿದ್ದೆ. 1920ರ ಫೈನಲ್ ಬಗ್ಗೆ ಗೊತ್ತಿದೆಯಾ? ಗಲಾಟೆ ಆಯ್ತು ಅಂತ ಒಂದು ಸಾಲು ಓದಿದೆ, ಅಷ್ಟೇ.

ಹಳೇಟೋಪಿ:
ಗೊತ್ತಿದೆ. ಅದು ಬೆಲ್ಜಿಯಂನ ಆಂಟ್ವರ್ಪ್. ಊರು ಯುದ್ಧದಿಂದ ಆಗಷ್ಟೇ ಎದ್ದು ಕೂತಿತ್ತು. ಹೊಸ ಕೊಳ ಕಟ್ಟುವ ಶಕ್ತಿ ಎಲ್ಲಿಂದ? ಹಳೆಯ ಕೋಟೆಯ ಕಂದಕದ ನೀರಿನಲ್ಲೇ ಈಜುಕೊಳ ಮಾಡಿದರು. ನೀರು ಕಪ್ಪು, ಮೂಳೆ ಕೊರೆಯುವ ಚಳಿ. ಬಂದ ಈಜುಗಾರರೆಲ್ಲ ಅದನ್ನು ಬೈದುಕೊಂಡೇ ಇಳಿದರು.

ಫೈನಲ್ ಬ್ರಿಟನ್ ಮತ್ತು ಬೆಲ್ಜಿಯಂ. ಬೆಲ್ಜಿಯಂನವರಿಗೆ 1908ರ ಸೇಡು, 1912ರ ಸೇಡು, ಈಗ ಸ್ವಂತ ಊರು. 2-2 ಸಮ ಇತ್ತು. ಕೊನೆ ಕೊನೆಗೆ ರಾಡಿ ಗೋಲು ಹೊಡೆದ. 3-2. ಪಂದ್ಯ ಮುಗಿದದ್ದೇ ತಡ, ಜನ ಬ್ರಿಟಿಷ್ ಆಟಗಾರರ ಮೇಲೆ ಬಿದ್ದರು. ಬಂದೂಕು ಹಿಡಿದ ಕಾವಲಿನವರು ಬಂದು ಅವರನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಎರಡು ವರ್ಷದ ಹಿಂದೆ ಇದೇ ಎರಡು ದೇಶ ಒಂದೇ ಕಡೆ ನಿಂತು ಯುದ್ಧ ಮಾಡಿದ್ದವು ನೋಡಿ!

ಆಗ ಅವನಿಗೆ 34. ನೀರಿನಲ್ಲಿ 34 ಅಂದರೆ, ನನ್ನ ಅನುಭವದಲ್ಲಿ, ಮೊದಲ ಭಾಗದಲ್ಲೇ ಉಸಿರು ಕಿತ್ತುಕೊಳ್ಳುತ್ತದೆ. ಅದರ ಮೇಲೆ ಆ ಚಳಿ. ಕೈ ಬೆರಳು ಮರಗಟ್ಟಿದರೆ ಚೆಂಡಿನ ಹಿಡಿತ ಸಿಗುವುದಿಲ್ಲ. ಒದ್ದೆ ಚರ್ಮದ ಚೆಂಡು ಬೇರೆ. ಹಾಗಿರುವಾಗ ಕೊನೆಯ ನಿಮಿಷಗಳಲ್ಲಿ ಮೇಲೆದ್ದು ಎಸೆದ. ನನಗೆ ನಾಲ್ಕು ಚಿನ್ನಕ್ಕಿಂತ ಆ ಒಂದು ಗೋಲು ಜಾಸ್ತಿ.

ಗೋಲಿಸೋಡಾ:
ಸರಿ, ಇದಕ್ಕೆ ತಣ್ಣೀರು ಎರಚುವುದಿಲ್ಲ. ಅಲ್ಲೇ ಸಾಕಷ್ಟು ತಣ್ಣಗಿತ್ತು.

ಅಂಕಿಭಟ್ಟ:
1916ನ್ನೂ ಮರೆಯಬೇಡಿ. ಬರ್ಲಿನ್‌ನಲ್ಲಿ ಆಗಬೇಕಿದ್ದ ಒಲಿಂಪಿಕ್ಸ್ ಯುದ್ಧದಿಂದ ರದ್ದಾಯಿತು. ರಾಡಿಗೆ ಆಗ 30, ವಾಟರ್ ಪೋಲೊ ಆಟಗಾರನಿಗೆ ತುಂಬು ವಯಸ್ಸು. ಹಿಂದೆ ಮುಂದೆ ಎರಡೂ ಚಿನ್ನ. ನಡುವಿನದ್ದು ಏನಾಗುತ್ತಿತ್ತೋ.

ಮತ್ತೆ ಶೀರ್ಷಿಕೆಯಲ್ಲಿ "ಆರು ಒಲಿಂಪಿಕ್ಸ್" ಅಂದಿದ್ದೀರಿ. ಅಧಿಕೃತವಾಗಿ ಐದು: 1908, 12, 20, 24, 28. ಆರನೆಯದು 1906ರ ಅಥೆನ್ಸ್. ಅದನ್ನು ಒಲಿಂಪಿಕ್ ಸಮಿತಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತುಂಗಾತೀರ:
ಭಟ್ಟರೇ, ಅಲ್ಲಿಗೆ ಹೋಗಿ ಸಮುದ್ರದಲ್ಲಿ ಈಜಿದ್ದಾನೆ. ಅವನ ಕೈಕಾಲಿಗೆ ಲೆಕ್ಕ ಗೊತ್ತು. ಆರು ಅಂತಲೇ ಇರಲಿ.

ಅಂಕಿಭಟ್ಟ:
ಹುಡುಗ ಕ್ವಿಜ್‌ನಲ್ಲಿ ಆರು ಅಂದರೆ ಅಂಕ ಹೋಗುತ್ತದೆ. ಹೇಳಿದ್ದೇನೆ, ಆಮೇಲೆ ನಿಮ್ಮಿಷ್ಟ.

ಬಯಲುಸೀಮೆ:
ಹವ್ಯಾಸಿ ಅನ್ನುವ ಮಾತು ಬಂತಲ್ಲ, ಅದರ ಇನ್ನೊಂದು ಮುಖ ಹೇಳಬೇಕು. ನಾವು ಆ ಪದವನ್ನು ಒಳ್ಳೆಯ ಅರ್ಥದಲ್ಲಿ ಬಳಸುತ್ತೇವೆ, ಹವ್ಯಾಸಿ ನಾಟಕ ತಂಡ ಅನ್ನುವ ಹಾಗೆ. ಆಗಿನ ಬ್ರಿಟನ್ನಿನಲ್ಲಿ ಅದು ಬೇಲಿ. ಈಜಿ ಬಹುಮಾನದ ಹಣ ತೆಗೆದುಕೊಂಡರೆ ಹೋದೆ. ದುಡ್ಡು ತೆಗೆದುಕೊಂಡು ಈಜು ಕಲಿಸಿದರೂ ಹೋದೆ. ಒಲಿಂಪಿಕ್ಸ್ ಬಾಗಿಲು ಮುಚ್ಚಿತು. ಅಮೆರಿಕದ ಜಿಮ್ ಥೋರ್ಪ್ 1912ರಲ್ಲಿ ಗೆದ್ದ ಎರಡು ಚಿನ್ನ ಕಿತ್ತುಕೊಂಡದ್ದು ಇದಕ್ಕೇ. ಮೊದಲು ಎಲ್ಲೋ ಸ್ವಲ್ಪ ದುಡ್ಡಿಗೆ ಬೇಸ್‌ಬಾಲ್ ಆಡಿದ್ದ ಅಂತ.

ಈಗ ಅದೇ ರಿಲೇಯಲ್ಲಿ ಕೊನೆಗೆ ಈಜಿದ ಹೆನ್ರಿ ಟೇಲರ್‌ನನ್ನು ನೋಡಿ. ಓಲ್ಡ್‌ಹ್ಯಾಮ್ ಕಡೆಯ ಹುಡುಗ. ಅಪ್ಪ ಅಮ್ಮ ಇಲ್ಲ, ಅಣ್ಣ ಸಾಕಿದ. ಹತ್ತಿ ಗಿರಣಿಯಲ್ಲಿ ಕೆಲಸ. ಬಿಡುವು ಸಿಕ್ಕಾಗ ಕಾಲುವೆಯಲ್ಲಿ ಈಜುತ್ತಿದ್ದ. ಈಜುಕೊಳಕ್ಕೆ ಹೋಗುತ್ತಿದ್ದದ್ದು "ಕೊಳೆ ನೀರಿನ ದಿನ". ಅಂದರೆ ವಾರಕ್ಕೊಮ್ಮೆ ನೀರು ಬದಲಿಸುತ್ತಾರಲ್ಲ, ಅದರ ಹಿಂದಿನ ದಿನ. ಅವತ್ತು ಟಿಕೆಟ್ ಕಮ್ಮಿ. ಇಂಥವನು 1908ರಲ್ಲಿ ಮೂರು ಚಿನ್ನ ಗೆದ್ದ. ಕೊನೆಗಾಲಕ್ಕೆ ಗೆದ್ದ ಬಹುಮಾನಗಳನ್ನೆಲ್ಲ ಮಾರಿಕೊಂಡು, ಅದೇ ಊರಿನ ಈಜುಕೊಳದಲ್ಲಿ ಕೆಲಸಕ್ಕಿದ್ದು, 1951ರಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತ.

ರಾಡಿ ಹೋಟೆಲ್ ನಡೆಸಿಕೊಂಡು 82ರವರೆಗೆ ನೆಮ್ಮದಿಯಾಗಿ ಬದುಕಿದ. ಒಂದೇ ರಿಲೇ, ಒಂದೇ ಚಿನ್ನ. ಇಬ್ಬರಿಗೂ ಕ್ರೀಡೆ ಏನೂ ಕೊಡಲಿಲ್ಲ. ಒಬ್ಬನಿಗೆ ಬೇರೆ ಆಸರೆ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಅದಕ್ಕೇ "ಹಣಕ್ಕಾಗಿ ಆಡದ ಪುಣ್ಯಾತ್ಮರು" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ನೀರ್‌ದೋಸೆ:
ಅಷ್ಟು ಬೈಬೇಡಿ ಬಯಲುಸೀಮೆಯವರೇ. ದುಡ್ಡಿಲ್ಲದೆಯೂ 22 ವರ್ಷ ಬಿಡದೆ ಈಜಿದನಲ್ಲ, ಅದಕ್ಕೆ ಬೆಲೆ ಇಲ್ವಾ?

ಬಯಲುಸೀಮೆ:
ಇದೆ. ಬೈದದ್ದು ಅವನಿಗಲ್ಲ, ನಿಯಮಕ್ಕೆ. ನಮ್ಮ ಅಣ್ಣ ರಾಜ್ಯ ಮಟ್ಟದಲ್ಲಿ ಕಬಡ್ಡಿ ಆಡುತ್ತಿದ್ದ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತದೆ ಅಂತ ಒಂದು ಕಚೇರಿಗೆ ನಾಲ್ಕು ವರ್ಷ ಅಲೆದ. ಸಿಗಲಿಲ್ಲ. ಮೊಣಕಾಲು ಮಾತ್ರ ಹೋಯಿತು. ಹಾಗಾಗಿ ಈ ವಿಷಯ ಬಂದರೆ ನಾನು ಸ್ವಲ್ಪ ಬಿಸಿ ಆಗುತ್ತೇನೆ.

ಸೇತುವೆಯಾಚೆ:
ನಾನು ಬ್ರಿಸ್ಟಲ್ ಹತ್ತಿರ ಇದ್ದೇನೆ, ಹನ್ನೊಂದು ವರ್ಷ ಆಯ್ತು. ರಾಡ್ಮಿಲೊವಿಕ್ ಹೋಟೆಲ್ ನಡೆಸಿದ ವೆಸ್ಟನ್-ಸೂಪರ್-ಮೇರ್ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ. ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಹೋಗಿದ್ದೇನೆ. ಹೆಸರು ಕೇಳಿದ್ದು ಇವತ್ತೇ!

ಊರು ಹೇಗಿದೆ ಅಂದರೆ, ಉದ್ದನೆಯ ಮರಳು, ಕತ್ತೆ ಸವಾರಿ, ಸಮುದ್ರದೊಳಗೆ ಚಾಚಿಕೊಂಡ ದೊಡ್ಡ ಕಟ್ಟೆ. ಸಮುದ್ರ ಮಾತ್ರ ಇರುವುದಿಲ್ಲ. ತಮಾಷೆ ಅಲ್ಲ. ಇಲ್ಲಿಯ ಉಬ್ಬರವಿಳಿತ ಲೋಕದಲ್ಲೇ ದೊಡ್ಡವುಗಳಲ್ಲಿ ಒಂದು, ಈ ಕಡಲ್ಗಾಲುವೆಯಲ್ಲಿ ನೀರು 40 ಅಡಿಗೂ ಜಾಸ್ತಿ ಏರಿಳಿಯುತ್ತದೆ. ಇಳಿತದ ಹೊತ್ತಿಗೆ ಹೋದರೆ ಕಣ್ಣು ಹಾಯಿಸಿದಷ್ಟೂ ಕೆಸರು. ಊರವರೇ ಹೆಸರಿನ ಕೊನೆಗೆ "ಮೇರ್" ಬದಲು "ಮಡ್" ಸೇರಿಸಿ ಹಾಸ್ಯ ಮಾಡುತ್ತಾರೆ. ಗೋಲಿಸೋಡಾ ಅವರ "ರಾಡಿ" ಓದಿ ಒಬ್ಬಳೇ ನಕ್ಕೆ.

ಬಾನು ತಿಳಿಯಾಗಿದ್ದರೆ ಎದುರು ದಡ ಕಾಣುತ್ತದೆ. ಅದೇ ವೇಲ್ಸ್, ಕಾರ್ಡಿಫ್ ಕಡೆ. ನಡುವೆ ಎರಡು ಪುಟ್ಟ ದ್ವೀಪ. ಅವನು ಹುಟ್ಟಿದ ಊರು ಆ ದಡ, ಬಾಳಿದ ಊರು ಈ ದಡ. ಅವನು ಹುಟ್ಟುವ ಕಾಲಕ್ಕೆ ಕಾರ್ಡಿಫ್ ಕಲ್ಲಿದ್ದಲು ಸಾಗಿಸುವ ದೊಡ್ಡ ಬಂದರು. ಬೇರೆ ಬೇರೆ ದೇಶದ ನಾವಿಕರು ಬಂದು ಹಡಗುಕಟ್ಟೆ ಹತ್ತಿರವೇ ನೆಲೆಸಿದ್ದರು. ಕ್ರೊಯೇಷಿಯಾದ ಅಪ್ಪ, ಐರಿಷ್ ಮೂಲದ ಅಮ್ಮ ಅಂದರೆ ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ ಅನಿಸುತ್ತದೆ. ಇಲ್ಲಿ ನನ್ನ ಹೆಸರನ್ನೂ ಜನ ಮೂರು ತರ ಹೇಳುತ್ತಾರೆ, ಹಾಗಾಗಿ "ಕ್" "ಚ್" ಜಗಳದಲ್ಲಿ ನನ್ನ ಮತ "ರಾಡಿ"ಗೆ.

ಹಳೇಟೋಪಿ:
ಮೇಡಂ, ಚೆನ್ನಾಗಿ ಬರೆದಿರಿ. ನನಗೆ ಅವನ ಬಗ್ಗೆ ಹೊಟ್ಟೆಕಿಚ್ಚು ಆಗುವುದು ಬೇರೆ ವಿಷಯಕ್ಕೆ. ಇಂಗ್ಲೆಂಡಿನ ಐದು ಮೈಲಿ ಈಜು ಚಾಂಪಿಯನ್‌ಶಿಪ್ ಅನ್ನು 1907ರಲ್ಲಿ ಗೆದ್ದ. ಮತ್ತೆ ಗೆದ್ದದ್ದು ಯಾವಾಗ? 1925ರಲ್ಲಿ. ಅದರ ಮರುವರ್ಷ ಇನ್ನೊಮ್ಮೆ. ಹದಿನೆಂಟು ವರ್ಷದ ಅಂತರ! 21ರಲ್ಲಿ ಗೆದ್ದ ಸ್ಪರ್ಧೆಯನ್ನು 39ರಲ್ಲಿ ಗೆಲ್ಲುವುದು ಅಂದರೆ ಏನು ಅಂತ ಈಜುವವರನ್ನು ಕೇಳಿ. ವೇಲ್ಸ್‌ನ 100 ಗಜ ಸ್ಪರ್ಧೆಯನ್ನೂ 15 ಸಲ ಗೆದ್ದಿದ್ದಾನೆ. 100 ಗಜ ಒಂದು ನಿಮಿಷದ ಆಟ, ಐದು ಮೈಲಿ ಗಂಟೆಗಟ್ಟಲೆ. ಎರಡಕ್ಕೂ ಬೇಕಾದ ಮೈ ಬೇರೆ ಬೇರೆ. ಇದರ ಮೇಲೆ ಗಾಲ್ಫ್, ಫುಟ್‌ಬಾಲ್ ಎರಡನ್ನೂ ಚೆನ್ನಾಗಿ ಆಡುತ್ತಿದ್ದನಂತೆ.

ನಾನು 31ಕ್ಕೆ ಬಿಟ್ಟೆ. ಭುಜ ಹೋಗಿತ್ತು ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಬೆಳಿಗ್ಗೆ ಐದಕ್ಕೆ ಏಳುವುದು ಸಾಕಾಗಿತ್ತು.

ಗೋಲಿಸೋಡಾ:
ಒಂದು ಪ್ರಾಮಾಣಿಕ ಪ್ರಶ್ನೆ. 1900, 1908, 1912, 1920, ಬ್ರಿಟನ್ ನಾಲ್ಕು ಚಿನ್ನ. ಆಮೇಲೆ ವಾಟರ್ ಪೋಲೊದಲ್ಲಿ ಒಂದು ಕಂಚೂ ಇಲ್ಲ. ಎಲ್ಲಿ ಹೋಯಿತು ಆ ಆಟವೆಲ್ಲ?

ಹಳೇಟೋಪಿ:
ಹಂಗೇರಿಗೆ ಹೋಯಿತು. ಅಲ್ಲಿ ಬೇಲಾ ಕೊಮ್ಯಾದಿ ಅನ್ನುವ ತರಬೇತುದಾರ ಆಟವನ್ನೇ ಬದಲಿಸಿದ. ಹಳೆಯ ರೀತಿಯಲ್ಲಿ ಚೆಂಡನ್ನು ನೀರಿನ ಮೇಲೆ ಹಾಕಬೇಕು, ಈಜಿ ಹೋಗಿ ಹಿಡಿಯಬೇಕು. ಇವನು ಗಾಳಿಯಲ್ಲೇ ಕೈಯಿಂದ ಕೈಗೆ ದಾಟಿಸುವುದನ್ನು ಕಲಿಸಿದ. ಚೆಂಡು ನೀರು ಮುಟ್ಟುವುದೇ ಇಲ್ಲ. ಈಜುವ ವೇಗಕ್ಕಿಂತ ಎಸೆಯುವ ವೇಗ ಜಾಸ್ತಿ, ಅಲ್ವಾ?

1924ರ ಪ್ಯಾರಿಸ್‌ನಲ್ಲಿ ಬ್ರಿಟನ್ ಮೊದಲ ಪಂದ್ಯದಲ್ಲೇ ಹಂಗೇರಿ ಎದುರು 7-6ರಲ್ಲಿ ಸೋತಿತು, ಹೆಚ್ಚುವರಿ ಸಮಯದಲ್ಲಿ. ರಾಡಿ ಆ ತಂಡದಲ್ಲಿದ್ದ. ಮುಂದಿನದ್ದು 1928, ಆಮ್‌ಸ್ಟರ್‌ಡ್ಯಾಮ್. ಅವನಿಗೆ 42. ತಂಡ ನಾಲ್ಕನೇ ಸ್ಥಾನ. ಅಲ್ಲಿಗೆ ಒಲಿಂಪಿಕ್ಸ್ ಮುಗಿಯಿತು.

ತುಂಗಾತೀರ:
ನಮ್ಮ ದೇಶ ಯಾವತ್ತಾದರೂ ಆಡಿದೆಯಾ?

ಅಂಕಿಭಟ್ಟ:
ಎರಡು ಸಲ. 1948 ಲಂಡನ್, 1952 ಹೆಲ್ಸಿಂಕಿ. ಲಂಡನ್ನಿನಲ್ಲಿ ಚಿಲಿಯನ್ನು 7-4ರಲ್ಲಿ ಸೋಲಿಸಿದ್ದೆವು. ಅದರಲ್ಲಿ ನಾಲ್ಕು ಗೋಲು ಸಚಿನ್ ನಾಗ್ ಅವರದ್ದು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದವರೂ ಅವರೇ. ಭಾರತಕ್ಕೆ ಏಷ್ಯನ್ ಗೇಮ್ಸ್‌ನ ಮೊದಲ ಚಿನ್ನ ಅದು. ಸಚಿನ್ ಅಂದರೆ ನಮಗೆ ಬೇರೆಯವರೇ ನೆನಪಾಗುತ್ತಾರೆ, ಏನು ಮಾಡುವುದು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2020ರಲ್ಲಿ. ತೀರಿಕೊಂಡದ್ದು 1987ರಲ್ಲಿ.

ಬಯಲುಸೀಮೆ:
ನೋಡಿ, ಮತ್ತೆ ಬಿಸಿ ಮಾಡಿದಿರಿ.

ಸೇತುವೆಯಾಚೆ:
ರಾಡಿಗೆ ಅಷ್ಟು ಅನ್ಯಾಯ ಆಗಲಿಲ್ಲ. 1967ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಭವನಕ್ಕೆ ಸೇರಿಸಿದಾಗ ಅವನು ಬದುಕಿದ್ದ. ಮರುವರ್ಷ ಸೆಪ್ಟೆಂಬರ್ 29ಕ್ಕೆ ವೆಸ್ಟನ್‌ನಲ್ಲೇ ತೀರಿಕೊಂಡ. 78ರ ವಯಸ್ಸಿನಲ್ಲೂ ದಿನಾ ಕಾಲು ಮೈಲಿ ಈಜುತ್ತಿದ್ದನಂತೆ. ಓದಿದಾಗಿನಿಂದ ಅದೇ ಕಣ್ಣ ಮುಂದೆ ಬರುತ್ತಿದೆ. ಕೊಳದಲ್ಲಿ ಒಬ್ಬ ಮುದುಕ ನಿಧಾನಕ್ಕೆ ಹೋಗಿ ಬರುತ್ತಿದ್ದಾನೆ. ಪಕ್ಕದ ಹುಡುಗ ನೀರು ಎರಚಿಕೊಂಡು ದಾಟಿ ಹೋಗುತ್ತಾನೆ, ಅಜ್ಜ ಯಾರು ಅಂತ ಗೊತ್ತಿಲ್ಲದೆ.

ಹಳೇಟೋಪಿ:
ಕಾಲು ಮೈಲಿ ಅಂದರೆ 400 ಮೀಟರ್. ನಮ್ಮ ಕೊಳದಲ್ಲಿ ಹದಿನಾರು ಉದ್ದ. ಇವತ್ತು ಬೆಳಿಗ್ಗೆ ಈ ಚರ್ಚೆಯ ನೆಪದಲ್ಲಿ ಹೋಗಿದ್ದೆ. ಆರು ಉದ್ದಕ್ಕೇ ನಿಲ್ಲಿಸಿದೆ. ಪಕ್ಕದ ಲೇನಿನ ಹುಡುಗಿ "ಅಂಕಲ್, ಆರಾಮಾಗಿದ್ದೀರಾ?" ಅಂದಳು.

ನೀರ್‌ದೋಸೆ:
ಹಹ್ಹಾ! ಸರ್, ನಾಳೆ ಎಂಟು ಮಾಡಿ.

ಅಂಕಿಭಟ್ಟ:
ತುಂಗಾತೀರ, ಹುಡುಗನ ಕ್ವಿಜ್ ಏನಾಯಿತು? ಐದು ಅಂದನಾ, ಆರು ಅಂದನಾ?

ತುಂಗಾತೀರ:
ಎರಡನೇ ಬಹುಮಾನ. ಈಜಿನ ಪ್ರಶ್ನೆ ಒಂದೂ ಬರಲಿಲ್ಲ. ಇಪ್ಪತ್ತರಲ್ಲಿ ಹದಿನಾಲ್ಕು ಕ್ರಿಕೆಟ್ಟಿನದ್ದು.